ನರ ಅಂದರೆ ಯಾವ ನರ?

ರಕ್ತ ಪರಿಚಲನೆಯ ಪಾಠ ಮಾಡಲು ಶುರು ಮಾಡಿ ನನಗೆ 19 ವರ್ಷವಾಯಿತು. ಪ್ರತಿ ವರ್ಷ ಬೋರ್ಡಿನ ಮೇಲೆ ಹೃದಯ ಬಿಡಿಸುತ್ತೇನೆ. ಕೆಂಪು ಚಾಕ್‌ಪೀಸಿನಲ್ಲಿ ಹೃದಯದಿಂದ ರಕ್ತ ಒಯ್ಯುವ ಅಪಧಮನಿ, ನೀಲಿಯಲ್ಲಿ ಹೃದಯಕ್ಕೆ ರಕ್ತ ವಾಪಸ್ ತರುವ ಅಭಿಧಮನಿ. ಅಭಿಧಮನಿಯ ಗೋಡೆ ತೆಳು, ಅದರೊಳಗೆ ಕವಾಟಗಳಿರುತ್ತವೆ, ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ಅವು ನೋಡಿಕೊಳ್ಳುತ್ತವೆ. ಒಂದು ಅಂಕದ ಪ್ರಶ್ನೆ ಇದು. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನು ರೈಟ್ ಹಾಕುತ್ತೇನೆ. ಈ 19 ವರ್ಷದಲ್ಲಿ 13 ವರ್ಷ ಅಪ್ಪಯ್ಯ ಬದುಕಿದ್ದರು. ಅದರಲ್ಲೂ ಆರು ವರ್ಷ ಅವರ ಎಡಗಾಲಿನ ಹರಡಿನ (ಪಾದದ ಗಂಟಿನ) ಮೇಲೆ, ಒಳಬದಿಗೆ, ಮಾಯದ ಹುಣ್ಣೊಂದು ಇತ್ತು. ಶಾಲೆಯಲ್ಲಿ ನೀಲಿ ಗೆರೆ ಎಳೆದು, ಸಂಜೆ ಮನೆಗೆ ಬಂದು ಆ ಹುಣ್ಣಿನ ಪಟ್ಟಿ ಒಗೆದು ಹಾಕುತ್ತಿದ್ದೆ. ಎರಡೂ ಒಂದೇ ವಿಷಯ ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ಕಳೆದ ವರ್ಷ ಅದೇ ಕಾಯಿಲೆ, ಕಾಲಿನ ಅಭಿಧಮನಿ ಉಬ್ಬುವ ವೆರಿಕೋಸ್ ವೇನ್ಸ್, ನನ್ನ ಕಾಲಿಗೇ ಬಂದ ಮೇಲೆ ಗೊತ್ತಾಯಿತು. ಅವತ್ತಿನಿಂದ ಇದು ನನ್ನನ್ನು ಬಿಟ್ಟಿಲ್ಲ.

ಕಾವಲಿಯ ಮುಂದೆ

ನಮ್ಮದು ಕುಂದಾಪುರದ ಕಡೆ. ಅಪ್ಪಯ್ಯ ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಹೋಟೆಲ್ಲಿಗೆ ಹೋದವರು. ಮೊದಲು ಟೇಬಲ್ ಒರೆಸಿದರು, ಆಮೇಲೆ ಹಿಟ್ಟು ರುಬ್ಬಿದರು, ಆಮೇಲೆ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತರು. ಬೆಳಿಗ್ಗೆ ಐದೂವರೆಯಿಂದ ಹನ್ನೊಂದೂವರೆ, ಮತ್ತೆ ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಒಂಬತ್ತೂವರೆ. ಅದು ನಿಂತು ತಿನ್ನುವ ಹೋಟೆಲ್. ಗಿರಾಕಿ ನಿಲ್ಲುವುದು ಹತ್ತು ನಿಮಿಷ, ತಿಂದು ಕೈ ತೊಳೆದು ಹೋಗುತ್ತಾರೆ. ಒಳಗೆ ನಿಂತವರು ನಿಂತೇ ಇರುತ್ತಾರೆ. ದೋಸೆ ಹಾಕುವವರ ಕೈ ಒಂದು ಕ್ಷಣವೂ ಸುಮ್ನಿರುವುದಿಲ್ಲ, ಆದರೆ ಪಾದ ಮಾತ್ರ ಇಟ್ಟಲ್ಲೇ ಇರುತ್ತದೆ. ಅದೇ ಹೋಟೆಲ್ಲಿನಲ್ಲಿ ಅಪ್ಪಯ್ಯನ ಜೊತೆ ಸೇರಿದ, ಅವರದೇ ವಯಸ್ಸಿನ ಗೆಳೆಯರೊಬ್ಬರು ಸಪ್ಲೈ ವಿಭಾಗದಲ್ಲಿದ್ದರು. ಬಟ್ಟಲು ಹಿಡಿದು ದಿನವಿಡೀ ಓಡಾಟ. ನಿವೃತ್ತರಾಗಿ ಊರಿಗೆ ಬಂದಾಗ ಅವರ ಕಾಲು ಚೆನ್ನಾಗಿಯೇ ಇತ್ತು, ಈಗಲೂ ದೇವಸ್ಥಾನಕ್ಕೆ ನಡೆದೇ ಹೋಗುತ್ತಾರೆ. ಇಬ್ಬರು ಮನುಷ್ಯರನ್ನು ಇಟ್ಟುಕೊಂಡು ನಿಯಮ ಮಾಡಲು ಬರುವುದಿಲ್ಲ, ಅದು ಗೊತ್ತು. ಆದರೂ ಈಗ ಯೋಚನೆ ಮಾಡಿದರೆ, ಇಬ್ಬರೂ ಹನ್ನೆರಡು ಗಂಟೆ ಕಾಲ ಮೇಲೆಯೇ ಇದ್ದರು, ಒಬ್ಬರು ನಡೆದರು, ಒಬ್ಬರು ನಿಂತರು, ಅಲ್ವಾ?

ಅಪ್ಪಯ್ಯ ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವರ ಮುಂಡು ಮೊಣಕಾಲಿಗೆ ಎತ್ತಿ ಕಟ್ಟಿದಾಗ ಕಾಲಿನ ಹಿಂದೆ ಹಸಿರು ಹಗ್ಗದಂಥದ್ದು ಸುತ್ತಿ ಸುತ್ತಿ ಇಳಿದಿರುವುದು ಕಾಣುತ್ತಿತ್ತು. ಮೀನಖಂಡದ ಮೇಲೆ ಅದು ಗಂಟು ಗಂಟಾಗಿತ್ತು. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗಿ, ಬಿಟ್ಟ ಕೂಡಲೇ ಮತ್ತೆ ತುಂಬಿಕೊಳ್ಳುತ್ತಿತ್ತು. ನಾನು ಆಟಕ್ಕೆ ಒತ್ತುತ್ತಿದ್ದೆ. "ಎಂತ ಇಲ್ಲ ಮಾರಾಯ್ತಿ, ನಿಂತು ನಿಂತು ನರ ಉಬ್ಬಿದ್ದು" ಅನ್ನುತ್ತಿದ್ದರು. ಅವರ ಜೊತೆಯ ಅಡುಗೆಯವರಲ್ಲಿ ಎಷ್ಟೋ ಜನರಿಗೆ ಅದು ಇತ್ತಂತೆ. ಕೆಲಸಕ್ಕೆ ಸೇರಿದವರಿಗೆ ಕೈ ಸುಟ್ಟುಕೊಳ್ಳುವುದು ಹೇಗೋ ಇದೂ ಹಾಗೆ ಅಂತ ಎಲ್ಲರೂ ನಂಬಿದ್ದರು.

ಊರಿಗೇ ಬಂದು ನೆಲೆಸಿದ ಮೇಲೆ ಹುಣ್ಣು ಶುರುವಾಯಿತು. ಸೊಳ್ಳೆ ಕಚ್ಚಿದ ಕಡೆ ತುರಿಸಿಕೊಂಡದ್ದೇ ನೆಪ. ನೆನಪಿನಲ್ಲಿ ಅಚ್ಚಾಗಿರುವುದು ಸಂಜೆಯ ಹೊತ್ತು. ಜಗಲಿಯ ಕಂಬಕ್ಕೆ ಒರಗಿ, ಅಮ್ಮನ ಹಳೆ ಸೀರೆ ಹರಿದು ಮಾಡಿದ ಪಟ್ಟಿಯನ್ನು ಅವರು ನಿಧಾನ ಬಿಚ್ಚುತ್ತಿದ್ದರು. ಕೊನೆಯ ಸುತ್ತು ಹುಣ್ಣಿಗೆ ಅಂಟಿಕೊಂಡಿರುತ್ತಿತ್ತು. ಬಿಸಿನೀರು ಹನಿಸಿ, ಹಲ್ಲು ಕಚ್ಚಿ ಬಿಡಿಸಿಕೊಳ್ಳಬೇಕು. ಹುಣ್ಣು ಒಂದು ರೂಪಾಯಿ ನಾಣ್ಯದಷ್ಟಿದ್ದದ್ದು ಅಂಗೈ ಅರ್ಧದಷ್ಟಾಗಿತ್ತು. ಅದಕ್ಕಿಂತ ನನಗೆ ನೆನಪಿರುವುದು ಸುತ್ತಲಿನ ಚರ್ಮ. ಹರಡಿನಿಂದ ಮೇಲೆ ಒಂದು ಗೇಣು ಕಂದು ಕಪ್ಪು, ಹಳೆ ಕಾವಲಿಯ ಅಂಚಿನ ಬಣ್ಣ. ಮುಟ್ಟಿದರೆ ಮರದ ಹಾಗೆ ಗಟ್ಟಿ. ಹೋಟೆಲ್ಲಿನ ಬೆಂಕಿಯ ಝಳಕ್ಕೆ ಹಾಗಾಗಿದೆ ಅಂತ ಅಮ್ಮ ಹೇಳುತ್ತಿದ್ದರು. ಅದು ಬೆಂಕಿಯಲ್ಲ ಅಂತ ಈಗ ಓದಿಕೊಂಡೆ. ಅಭಿಧಮನಿಯಲ್ಲಿ ಒತ್ತಡ ಜಾಸ್ತಿಯಾಗಿ ರಕ್ತದ ಕಣಗಳು ಸಣ್ಣ ಸಣ್ಣ ನಾಳಗಳಿಂದ ಹೊರಗೆ ಜಿನುಗುತ್ತವೆ. ಕಣ ಒಡೆದುಹೋಗುತ್ತದೆ, ಅದರೊಳಗಿನ ಕಬ್ಬಿಣ ಚರ್ಮದಲ್ಲಿ ಉಳಿದುಬಿಡುತ್ತದೆ. ಆ ಬಣ್ಣ ನಿಜವಾಗಿಯೂ ಕಬ್ಬಿಣದ ಬಣ್ಣವೇ.

ಎಲ್ಲದಕ್ಕೂ ನರ

ನಾವು ಆರು ವರ್ಷ ಕಳೆದುಕೊಂಡದ್ದಕ್ಕೆ ಕಾರಣ ಹುಡುಕುತ್ತಾ ಹೋದರೆ ನನಗೆ ಸಿಗುವುದು ಒಂದು ಪದ. ನರ. ಡ್ರಿಪ್ ಹಾಕಲು ನರ ಸಿಗುತ್ತಿಲ್ಲ ಅನ್ನುತ್ತೇವೆ, ಅದು ಅಭಿಧಮನಿ. ಬೆನ್ನಿನಿಂದ ಕಾಲಿಗೆ ನರ ಎಳೆಯುತ್ತಿದೆ ಅನ್ನುತ್ತೇವೆ, ಅದು ಮೆದುಳಿಗೆ ಸುದ್ದಿ ಒಯ್ಯುವ ನರ. ಕುತ್ತಿಗೆ ತಿರುಗಿಸಲು ಆಗದಿದ್ದರೆ ನರ ಹಿಡಿದಿದೆ ಅನ್ನುತ್ತೇವೆ, ಅದು ಬಹಳ ಸಲ ಬರೀ ಸ್ನಾಯು. ಕೋಪ ಬಂದಾಗ ಹಣೆಯ ನರ ಉಬ್ಬುತ್ತದೆ, ವಯಸ್ಸಾದರೆ ನರ ವೀಕ್ ಆಗುತ್ತದೆ. ಮಾತಿಗೆ ಇದು ಸಾಕು, ಯಾರಿಗೂ ತೊಂದರೆಯಿಲ್ಲ. ಆದರೆ ಕಾಯಿಲೆ ಬಂದಾಗ ಈ ಒಂದು ಪದ ಜನರನ್ನು ತಪ್ಪು ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ.

ಅಪ್ಪಯ್ಯನಿಗೆ ಎರಡು ವರ್ಷ ನರಕ್ಕೆ ಶಕ್ತಿ ಬರಲಿ ಅಂತ ವಿಟಮಿನ್ ಮಾತ್ರೆ ನುಂಗಿಸಿದೆವು. ಹತ್ತಿರದವರೊಬ್ಬರ ಮಾತು ಕೇಳಿ ಬೆಳ್ಳುಳ್ಳಿ ಅರೆದು ಉಬ್ಬಿದ ನರದ ಮೇಲೆ ಕಟ್ಟಿದೆವು. ಬೆಳಿಗ್ಗೆ ಬಿಚ್ಚಿದರೆ ಚರ್ಮ ಬೊಬ್ಬೆ ಎದ್ದಿತ್ತು. ಹಸಿ ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಸುಡುತ್ತದೆ, ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಮಾಯದ ಹುಣ್ಣು ಅಂದರೆ ಸಕ್ಕರೆ ಕಾಯಿಲೆಯೇ ಇರಬೇಕು ಅಂತ ಮೂರು ಸಲ ಶುಗರ್ ಪರೀಕ್ಷೆ ಮಾಡಿಸಿದೆವು, ಮೂರು ಸಲವೂ ಸರಿಯಾಗಿತ್ತು. ಕೊನೆಗೆ ದೊಡ್ಡ ಊರಿಗೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಮಧ್ಯಾಹ್ನ ಮೂರಕ್ಕೆ ನಮ್ಮ ಸರದಿ ಬಂತು. ಅವರು ಪಟ್ಟಿ ಬಿಚ್ಚಿಸಿ ಒಂದು ನಿಮಿಷ ನೋಡಿ, ಇದು ನನ್ನ ವಿಭಾಗ ಅಲ್ಲ, ಸರ್ಜನ್‌ಗೆ ತೋರಿಸಿ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅಪ್ಪಯ್ಯನಿಗೆ ಸರ್ಜನ್ ಅಂದರೆ ಕಾಲು ತೆಗೆಯುವವರು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಇದೊಂದು ಬೇಡ ಮಗಾ" ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಅವತ್ತು ಯಾರಾದರೂ ಇದು ನರದ ಕಾಯಿಲೆಯಲ್ಲ, ರಕ್ತ ವಾಪಸ್ ಹೋಗುವ ಕೊಳವೆಯ ಕವಾಟ ಕೆಟ್ಟಿದೆ ಅಂತ ಒಂದೇ ವಾಕ್ಯ ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ನಾನೇ ಅದನ್ನು ಪಾಠ ಮಾಡುವವಳು.

ಬಾವಿಯ ಫುಟ್‌ವಾಲ್ವ್

ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಬಾವಿಗೆ ಇಳಿಸಿದ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ನೀರು ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಇಳಿಯಲು ಬಿಡುವುದಿಲ್ಲ. ಅದರಲ್ಲಿ ಒಂದು ಕಸ ಸಿಕ್ಕಿಕೊಂಡರೆ ಸಾಕು, ಪಂಪ್ ನಿಲ್ಲಿಸಿದ ತಕ್ಷಣ ನೀರೆಲ್ಲ ಬಾವಿಗೆ ವಾಪಸ್. ನಮ್ಮ ಕಾಲಿನ ಅಭಿಧಮನಿಗಳಲ್ಲಿ ಇಂಥ ಕವಾಟ ತುದಿಯಲ್ಲಿ ಒಂದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇವೆ. ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ, ಆದರೆ ವಾಪಸ್ ಮೇಲೆ ತರುವ ದೊಡ್ಡ ಕೆಲಸ ಮೀನಖಂಡದ್ದು. ಹೆಜ್ಜೆ ಇಟ್ಟಾಗ ಮೀನಖಂಡ ಬಿಗಿಯಾಗಿ ಒಳಗಿನ ಅಭಿಧಮನಿಯನ್ನು ಹಿಂಡುತ್ತದೆ, ರಕ್ತ ಮೇಲೆ ಚಿಮ್ಮುತ್ತದೆ. ಸಡಿಲವಾದಾಗ ಅದು ಕೆಳಗೆ ಬೀಳದಂತೆ ಕವಾಟ ಮುಚ್ಚಿಕೊಳ್ಳುತ್ತದೆ. ಹಾಗೆ ಹೆಜ್ಜೆ ಹೆಜ್ಜೆಗೂ ಒಂದೊಂದು ಮೆಟ್ಟಿಲು.

ಅಲುಗಾಡದೆ ನಿಂತರೆ ಈ ಪಂಪು ಬಂದ್. ಹೃದಯದಿಂದ ಪಾದದವರೆಗಿನ ರಕ್ತದ ಭಾರ ಪೂರ್ತಿ ಹರಡಿನ ಹತ್ತಿರ ಬಂದು ಕೂರುತ್ತದೆ. ಅಲ್ಲಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸ ಆಗುತ್ತದೆ. ಬಿಪಿ ನೋಡಿ 120/80 ಅನ್ನುತ್ತಾರಲ್ಲ, ಅದೇ ಅಳತೆ. ಕವಾಟ ಸರಿಯಿದ್ದವರು ಹತ್ತು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟಿದ್ದರೆ ನಡೆದರೂ ಅಷ್ಟು ಇಳಿಯುವುದಿಲ್ಲ. ಒತ್ತಡಕ್ಕೆ ಗೋಡೆ ಹಿಗ್ಗುತ್ತದೆ. ಗೋಡೆ ಹಿಗ್ಗಿದರೆ ಕವಾಟದ ಎರಡು ತುಟಿ ಒಂದಕ್ಕೊಂದು ತಾಗುವುದಿಲ್ಲ, ಇನ್ನಷ್ಟು ರಕ್ತ ಕೆಳಗೆ ಬರುತ್ತದೆ, ಕೆಳಗಿನ ಕವಾಟವೂ ಸೋಲುತ್ತದೆ. ಚರ್ಮದ ಕೆಳಗೆ ಹಾವಿನಂತೆ ಹೊರಳಿ ಕಾಣುವುದು ಹೀಗೆ ಹಿಗ್ಗಿದ ಅಭಿಧಮನಿ. ನಿಂತವರಿಗೆಲ್ಲ ಇದು ಬರುವುದಿಲ್ಲ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಬಸಿರಿನಲ್ಲಿ ರಕ್ತದ ಪ್ರಮಾಣ ಏರುತ್ತದೆ, ಹಾರ್ಮೋನಿಗೆ ನಾಳದ ಗೋಡೆ ಸಡಿಲವಾಗುತ್ತದೆ, ಮೇಲಿನಿಂದ ಗರ್ಭದ ಭಾರ ಬೇರೆ. ಅದಕ್ಕೇ ಎಷ್ಟೋ ಹೆಂಗಸರಿಗೆ ಇದು ಮೊದಲು ಕಾಣುವುದು ಬಾಣಂತನದ ಮುಂಚೆ. ನನಗೂ ಎರಡನೇ ಮಗುವಿನ ಹೊತ್ತಿಗೆ ಕಂಡಿತ್ತು. ಹೆರಿಗೆಯಾಗಿ ಮೂರು ತಿಂಗಳಿಗೆ ಇಳಿಯಿತು, ಮರೆತೆ.

ಸಿಸ್ಟರ್ ಕಟ್ಟಿದ ಪಟ್ಟಿ

ಅಪ್ಪಯ್ಯನ ಹುಣ್ಣು ಕೊನೆಗೆ ಮಾಯ್ದದ್ದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಒಬ್ಬ ಸಿಸ್ಟರ್‌ನಿಂದ. ಜ್ವರದ ಮಾತ್ರೆಗೆ ಹೋದವರ ಕಾಲನ್ನು ಅವರಾಗಿಯೇ ನೋಡಿದರು. ಮೊದಲು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿಲ್ಲ ಅಂದರೆ ಬಿಗಿಯಾಗಿ ಕಟ್ಟಲೇಬಾರದಂತೆ, ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದನ್ನು ನೋಡದೆ ಕಟ್ಟಿದರೆ ಬೆರಳೇ ಹೋಗಬಹುದು ಅಂದರು. ಆಮೇಲೆ ಡಾಕ್ಟರನ್ನು ಕರೆದು ತೋರಿಸಿ, ಹುಣ್ಣು ತೊಳೆದು, ಹತ್ತಿ ಸುತ್ತಿ, ಕಾಲ್ಬೆರಳಿನ ಬುಡದಿಂದ ಶುರುಮಾಡಿ ಮೊಣಕಾಲಿನ ಕೆಳಗಿನವರೆಗೆ ಎಳೆಯುವ ಪಟ್ಟಿ ಕಟ್ಟಿದರು. ಹರಡಿನ ಹತ್ತಿರ ಬಿಗಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಹಿಮ್ಮಡಿಯನ್ನೂ ಬಿಡಲಿಲ್ಲ. ನಾವು ಆರು ವರ್ಷ ಹುಣ್ಣಿನ ಮೇಲೆ ಮಾತ್ರ ಬಳೆಯ ಹಾಗೆ ಬಿಗಿದು ಕಟ್ಟುತ್ತಿದ್ದೆವು. ಅದು ಕೆಳಗಿನ ರಕ್ತವನ್ನು ಇನ್ನಷ್ಟು ತಡೆಯುತ್ತಿತ್ತು.

"ಹುಣ್ಣಿಗೆ ಎಷ್ಟು ಮುಲಾಮು ಹಚ್ಚಿದ್ರೂ ಅಷ್ಟೇ ಅಜ್ಜ. ರಕ್ತ ಇಲ್ಲೇ ನಿಂತಿದೆ, ಅದನ್ನ ಮೇಲೆ ಕಳಿಸ್ಬೇಕು" ಅಂದರು. ಮಂಚದ ಕಾಲ ಕಡೆ ಎರಡು ಇಟ್ಟಿಗೆ ಇಡಿಸಿದರು. ಹಗಲು ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂರಬಾರದು, ಕೂತರೆ ಕಾಲು ಎದುರಿನ ಸ್ಟೂಲಿನ ಮೇಲೆ, ಮಲಗಿದರೆ ಎದೆಗಿಂತ ಎತ್ತರ. ಪಟ್ಟಿ ಕಟ್ಟಿಕೊಂಡೇ ಅಂಗಳದಲ್ಲಿ ನಡೆಯಬೇಕು. ವಾರಕ್ಕೆರಡು ಸಲ ಹೋಗಿ ಕಟ್ಟಿಸಿಕೊಂಡು ಬರುತ್ತಿದ್ದೆವು. ಮೊದಲ ವಾರದಲ್ಲೇ ನೀರು ಸೋರುವುದು ನಿಂತಿತು. ಮೂರೂವರೆ ತಿಂಗಳಿಗೆ ಹುಣ್ಣಿನ ಮೇಲೆ ತೆಳ್ಳಗೆ ಹೊಳೆಯುವ ಗುಲಾಬಿ ಚರ್ಮ ಬಂತು. ಅಪ್ಪಯ್ಯ ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮತ್ತೆ ಬರಬಾರದು ಅಂದರೆ ಪಟ್ಟಿ ಬಿಡಬೇಡಿ ಅಂದಿದ್ದರು ಸಿಸ್ಟರ್. ಕೊನೆಯವರೆಗೂ ಬಿಡಲಿಲ್ಲ. ಬೇರೆ ಕಾರಣಕ್ಕೆ ಅವರು ತೀರಿಕೊಂಡಾಗ ಕಾಲಲ್ಲಿ ಪಟ್ಟಿ ಇತ್ತು.

ಎದ್ದು ನಿಲ್ಲಿ

ಕಳೆದ ವರ್ಷ ದಸರಾ ರಜೆ ಮುಗಿದ ಮೇಲೆ ನನ್ನ ಬಲಗಾಲಿನ ಹರಡಿನ ಒಳಗಡೆ ತುರಿಕೆ ಶುರುವಾಯಿತು. ಸಂಜೆ ಆದರೆ ಕಾಲು ಭಾರ, ಒಳಗಿಂದ ಸೆಳೆತ, ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಆಳಕ್ಕೆ ಇಳಿದಿರುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತಿತ್ತು. ಅಲರ್ಜಿ ಅಂದುಕೊಂಡು ಮೆಡಿಕಲ್ಲಿನಲ್ಲಿ ಕೇಳಿದ ಮುಲಾಮು ಹಚ್ಚಿಕೊಂಡೆ. ಎರಡು ತಿಂಗಳಾದರೂ ಹೋಗದಿದ್ದಾಗ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ತುರಿಕೆಯ ಜಾಗ ನೋಡಿ, ಮುಲಾಮಿನ ಮಾತೇ ಎತ್ತದೆ, "ಎದ್ದು ನಿಲ್ಲಿ ಮೇಡಂ, ಸೀರೆ ಮೊಣಕಾಲಿನವರೆಗೆ ಎತ್ತಿ" ಅಂದರು. ಮಲಗಿದ್ದಾಗ ಏನೂ ಕಾಣದ ಕಾಲಿನಲ್ಲಿ ನಿಂತ ಅರ್ಧ ನಿಮಿಷಕ್ಕೆ ಹಸಿರು ಹಗ್ಗ ಎದ್ದು ಬಂತು. ನಾನು ಚಿಕ್ಕವಳಿದ್ದಾಗ ಬೆರಳಲ್ಲಿ ಒತ್ತಿ ಆಡಿದ್ದ ಅದೇ ಹಗ್ಗ. ಮಲಗಿಸಿ ನೋಡಿದರೆ ಈ ಕಾಯಿಲೆ ಅಡಗಿಕೊಳ್ಳುತ್ತದೆ. ನಿಮ್ಮ ಕಾಲನ್ನು ಯಾರಿಗಾದರೂ ತೋರಿಸುವುದಿದ್ದರೆ ನಿಂತು ತೋರಿಸಿ.

ಆಮೇಲೆ ಡಾಪ್ಲರ್ ಸ್ಕ್ಯಾನ್, ನಾಳದೊಳಗೆ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಪರೀಕ್ಷೆ. ಅದನ್ನೂ ನಿಲ್ಲಿಸಿಯೇ ಮಾಡಿದರು. ಒಂದು ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತೆ, ಭಾರ ಎಡಗಾಲಿನ ಮೇಲೆ. ತೊಡೆಸಂದಿಯ ಹತ್ತಿರ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಇಟ್ಟರು. ಇನ್ನೊಂದು ಕೈಯಿಂದ ನನ್ನ ಮೀನಖಂಡವನ್ನು ಗಟ್ಟಿಯಾಗಿ ಹಿಂಡಿ ಬಿಟ್ಟರು. ಹಿಂಡಿದಾಗ ಪರದೆಯ ಮೇಲೆ ನೀಲಿ ತುಂಬಿತು, ಸ್ಪೀಕರಿನಲ್ಲಿ ಗಾಳಿ ಬೀಸಿದಂತೆ ಒಂದು ಸದ್ದು. ಬಿಟ್ಟಾಗ ಅಲ್ಲಿಗೆ ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನೀಲಿ ಇದ್ದ ಕಡೆ ಕೆಂಪು ಬಂತು, ಅದೇ ಗಾಳಿಯ ಸದ್ದು ಉಲ್ಟಾ ದಿಕ್ಕಿಗೆ ಉದ್ದಕ್ಕೆ ಎಳೆಯಿತು. "ಅರ್ಧ ಸೆಕೆಂಡಿಗಿಂತ ಜಾಸ್ತಿ ವಾಪಸ್ ಬಂದ್ರೆ ಕವಾಟ ಕೆಟ್ಟಿದೆ ಅಂತ. ನಿಮ್ಮದು ಮೂರು ಸೆಕೆಂಡ್ ಬರ್ತಿದೆ" ಅಂದರು ಡಾಕ್ಟರ್. ಒಂದು ಅಂಕದ ಪ್ರಶ್ನೆಯ ಉತ್ತರ ನನ್ನ ಕಾಲಿನಲ್ಲೇ ಕೇಳಿಸುತ್ತಿತ್ತು. ನನಗೆ ಅಪ್ಪಯ್ಯನ ನೆನಪಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಇದು ಹೆದರುವಂಥದ್ದಲ್ಲ ಅಂತ ಸಮಾಧಾನ ಮಾಡಿದರು.

ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತದೆ?

ಇದಕ್ಕೆ ಇರುವ ಒಂದು ಚಿಕಿತ್ಸೆ, ಕೆಟ್ಟ ಅಭಿಧಮನಿಯನ್ನೇ ಮುಚ್ಚಿಬಿಡುವುದು. ಹಾಗೆ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತದೆ? ನನ್ನ ಮೊದಲ ಪ್ರಶ್ನೆ ಇದೇ ಆಗಿತ್ತು, ಎಲ್ಲರದ್ದೂ ಇದೇ ಇರುತ್ತದೆ. ಕಾಲಿನ ರಕ್ತದಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ನಾಯುವಿನ ಒಳಗಿನ ಆಳದ ಅಭಿಧಮನಿಗಳಲ್ಲೇ ಮೇಲೆ ಹೋಗುತ್ತದೆ. ಚರ್ಮದ ಕೆಳಗಿನದು ಪಕ್ಕದ ಸಣ್ಣ ದಾರಿ ಇದ್ದ ಹಾಗೆ. ಬೈಪಾಸ್ ಆಪರೇಷನ್ ಆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ಕಾಲಿನ ನರ ತೆಗೆದು ಹಾರ್ಟಿಗೆ ಹಾಕಿದರು ಅನ್ನುತ್ತಾರಲ್ಲ, ಅದು ಇದೇ ಉದ್ದದ ಅಭಿಧಮನಿ, ಹರಡಿನಿಂದ ತೊಡೆಸಂದಿಯವರೆಗಿನದು. ಅದನ್ನು ತೆಗೆದರೂ ಅವರು ಓಡಾಡುತ್ತಾರೆ. ಕೆಟ್ಟ ದಾರಿ ಮುಚ್ಚಿದರೆ ರಕ್ತ ಸರಿಯಾದ ದಾರಿ ಹಿಡಿಯುತ್ತದೆ. ಮುಚ್ಚುವ ಮುಂಚೆ ಆಳದ ದಾರಿ ಸರಿಯಿದೆಯಾ ಅಂತ ನೋಡಲೇಬೇಕು, ಡಾಪ್ಲರ್ ಅದಕ್ಕೂ ಬೇಕು. ಈಗ ಹೆಚ್ಚಿನ ಕಡೆ ತೊಡೆಯವರೆಗೆ ಕೊಯ್ದು ಎಳೆದು ತೆಗೆಯುವುದಿಲ್ಲ. ಒಳಗೆ ತೆಳ್ಳನೆಯ ತಂತು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಮುಚ್ಚುತ್ತಾರೆ, ಅಂಟು ಹಾಕಿ ಮುಚ್ಚುವುದೂ ಇದೆ, ಸಣ್ಣವಕ್ಕೆ ಔಷಧದ ನೊರೆ ಚುಚ್ಚುತ್ತಾರೆ. ಅವತ್ತೇ ನಡೆದು ಮನೆಗೆ ಬರಬಹುದು. ಹುಣ್ಣು ಇರುವವರಿಗೆ ಇದನ್ನು ಬೇಗ ಮಾಡುವುದು ಒಳ್ಳೆಯದು. ಬ್ರಿಟನ್ನಿನಲ್ಲಿ 450 ಜನ ಇಂಥ ಹುಣ್ಣಿನವರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಪಟ್ಟಿ ಕಟ್ಟಿದ್ದರು. ಅರ್ಧ ಜನರಿಗೆ ಎರಡು ವಾರದೊಳಗೆ ಕೆಟ್ಟ ಅಭಿಧಮನಿ ಮುಚ್ಚಿದರು, ಉಳಿದವರಿಗೆ ತಡವಾಗಿ. ಬೇಗ ಮುಚ್ಚಿದವರ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದಲ್ಲಿ ಮಾಯ್ದಿತ್ತು, ಇನ್ನೊಂದು ಗುಂಪಿನಲ್ಲಿ ಅಷ್ಟಕ್ಕೆ 82 ದಿನ ಹಿಡಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದವರನ್ನು ನೆನೆದು ಆ ಅಂಕಿಯನ್ನು ನಾನು ಎಷ್ಟೋ ಸಲ ಓದಿದೆ.

ಆದರೆ ಉಬ್ಬಿದ್ದೆಲ್ಲಕ್ಕೂ ಲೇಸರ್ ಬೇಕಾಗಿಲ್ಲ. ಪೇಟೆಯ ಗೋಡೆಗಳ ಮೇಲೆ ಈಗ ಲೇಸರಿನ ಜಾಹೀರಾತು ಜಾಸ್ತಿ. ಜೇಡರ ಬಲೆಯಂಥ ಸಣ್ಣ ನೀಲಿ ಗೆರೆಗಳು ನೋವು ಕೊಡದಿದ್ದರೆ ಅವುಗಳ ಪಾಡಿಗೆ ಬಿಡಬಹುದು. ಚರ್ಮದ ಬಣ್ಣ ಬದಲಾಗಿದೆ, ತುರಿಕೆ ಹೋಗುತ್ತಿಲ್ಲ, ಊತ ಬೆಳಿಗ್ಗೆಗೂ ಇಳಿಯುತ್ತಿಲ್ಲ, ಹುಣ್ಣಾಗಿದೆ ಅಂದರೆ ತಡಮಾಡಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಅದು ಆಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ವಿಷಯ. ಹರಡಿನ ಹತ್ತಿರದ ತೆಳುವಾದ ಗಂಟು ಸ್ನಾನ ಮಾಡುವಾಗ, ಚಪ್ಪಲಿ ತಾಗಿದಾಗ ಒಡೆದು ರಕ್ತ ಚಿಮ್ಮಬಹುದು. ನೋವೇ ಇರುವುದಿಲ್ಲ, ಅದಕ್ಕೇ ಗಾಬರಿ ಜಾಸ್ತಿ. ಜನ ಕುರ್ಚಿಯ ಮೇಲೆ ಕೂರಿಸಿ ಕಾಲು ಇಳಿಬಿಡಿಸುತ್ತಾರೆ, ರಕ್ತ ಇನ್ನೂ ಹರಿಯುತ್ತದೆ. ಅಲ್ಲೇ ನೆಲದ ಮೇಲೆ ಮಲಗಿಸಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹಾಗೇ ಹಿಡಿದುಕೊಂಡು ಆಸ್ಪತ್ರೆಗೆ.

ನನಗೆ ಸದ್ಯಕ್ಕೆ ಒತ್ತಡದ ಕಾಲುಚೀಲ ಸಾಕು, ಆರು ತಿಂಗಳಿಗೊಮ್ಮೆ ನೋಡೋಣ ಅಂದರು. ಹರಡು, ಮೀನಖಂಡ ಎರಡನ್ನೂ ಟೇಪಿನಲ್ಲಿ ಅಳೆದು ಕೊಟ್ಟರು. ಸಿಕ್ಕಿದ ಸೈಜ್ ತಂದರೆ ಉಪಯೋಗ ಇಲ್ಲ. ಅದನ್ನು ಹಾಕಿಕೊಳ್ಳುವುದೇ ಒಂದು ಕೆಲಸ. ಬೆಳಿಗ್ಗೆ ಹಾಸಿಗೆ ಬಿಟ್ಟು ಹೆಚ್ಚು ಹೊತ್ತಾಗುವ ಮುಂಚೆ ಹಾಕಬೇಕು, ಕಾಲು ಊದಿದ ಮೇಲೆ ಹತ್ತುವುದಿಲ್ಲ. ಹಿಮ್ಮಡಿಯವರೆಗೆ ಒಳಗಿನ ಬದಿ ಹೊರಗೆ ಬರುವಂತೆ ತಿರುಗಿಸಿ, ಪಾದ ತೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಉರುಳಿಸಬೇಕು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಇದನ್ನು ಹೇಳಿಕೊಟ್ಟದ್ದು ಸ್ಕ್ಯಾನಿಂಗಿನ ಹುಡುಗಿ. ಮೇಲಿನ ಅಂಚು ಮಡಚಿಕೊಳ್ಳಬಾರದು, ಮಡಚಿದರೆ ಅಲ್ಲಿ ದಾರ ಕಟ್ಟಿದ ಹಾಗಾಗುತ್ತದೆ. ರಾತ್ರಿ ತೆಗೆದು, ಒಗೆದು, ನೆರಳಲ್ಲಿ ಒಣಗಿಸಬೇಕು. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಇದು ಹಿಂಸೆಯೇ. ಅದಕ್ಕೇ ಅರ್ಧ ಜನ ತಂದು ಕಪಾಟಿನಲ್ಲಿ ಇಡುತ್ತಾರೆ. ನಾನು ಶಾಲೆಯ ಹೊತ್ತು ಬಿಡದೆ ಹಾಕಿ, ಮನೆಗೆ ಬಂದ ತಕ್ಷಣ ತೆಗೆದು, ಗೋಡೆಗೆ ಕಾಲು ಚಾಚಿ ಹದಿನೈದು ನಿಮಿಷ ಮಲಗುತ್ತೇನೆ. ಕಾಲುಚೀಲ ಕೆಟ್ಟ ಕವಾಟವನ್ನು ಸರಿ ಮಾಡುವುದಿಲ್ಲ, ಇದು ಗೊತ್ತಿರಲಿ. ಹಾಕಿದಷ್ಟು ಹೊತ್ತು ಹೊರಗಿಂದ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಅಷ್ಟಕ್ಕೇ ನನ್ನ ರಾತ್ರಿಯ ಸೆಳೆತ ಎರಡು ವಾರದಲ್ಲಿ ನಿಂತಿತು. ತರಗತಿಯಲ್ಲಿ ಈಗ ಒಂದೇ ಕಡೆ ನಿಲ್ಲುವುದಿಲ್ಲ. ಬೆಂಚುಗಳ ನಡುವೆ ನಡೆಯುತ್ತಾ ಪಾಠ ಮಾಡುತ್ತೇನೆ. ಬೋರ್ಡಿನಲ್ಲಿ ಬರೆಯುವಾಗ ಹಿಮ್ಮಡಿ ಎತ್ತಿ ಇಳಿಸುತ್ತಿರುತ್ತೇನೆ, ಬರಹ ಸ್ವಲ್ಪ ಸೊಟ್ಟಗಾಗುತ್ತದೆ, ಮಕ್ಕಳು ಒಗ್ಗಿಕೊಂಡಿದ್ದಾರೆ.

ಸೀರೆಯ ಅಂಚು

ಸ್ಟಾಫ್‌ರೂಮಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡುವಾಗ ಈ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗಣಿತದ ಮೇಡಂ ಬಾಗಿಲ ಕಡೆ ನೋಡಿ, ಸೀರೆಯ ಅಂಚು ಒಂದು ಗೇಣು ಎತ್ತಿದರು. ಎರಡೂ ಕಾಲಿನ ಹರಡಿನ ಸುತ್ತ ಕಂದು ಬಣ್ಣ. ಹಿಂದಿ ಮೇಡಂ ತಮ್ಮದನ್ನು ಎತ್ತಿದರು. ಅಡುಗೆಯ ಅಕ್ಕ ತಟ್ಟೆ ತೆಗೆದುಕೊಂಡು ಹೋಗಲು ಬಂದವರು ನಿಂತು ನೋಡಿ, "ನಂಗೂ ಉಂಟು ಟೀಚರ್" ಅಂದರು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ಡಬ್ಬಿ ಹಂಚಿಕೊಂಡು ತಿಂದ ನಾವು ಒಬ್ಬರ ಕಾಲನ್ನು ಒಬ್ಬರು ನೋಡಿರಲಿಲ್ಲ. ಮುಂಡು ಎತ್ತಿ ಕಟ್ಟಿದ ಅಪ್ಪಯ್ಯನದ್ದು ಊರಿಗೇ ಕಾಣುತ್ತಿತ್ತು. ಹೆಂಗಸರದ್ದು ಸೀರೆಯೊಳಗೆ ಇರುತ್ತದೆ, ಮನೆಯವರಿಗೂ ಗೊತ್ತಿರುವುದಿಲ್ಲ.

ನಮಗಾದರೂ ಪಾಠದ ನಡುವೆ ಕೂರಲು ಒಂದು ಕುರ್ಚಿ ಇದೆ, ಕೂತರೆ ಸೋಮಾರಿತನ ಅಂದುಕೊಳ್ಳುವವರು ಇದ್ದರೂ ಇದೆ. ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳನ್ನು ನೋಡಿ. ಗಿರಾಕಿಗೆ ಸ್ಟೂಲ್ ಇರುತ್ತದೆ, ಅವರಿಗಿಲ್ಲ. ಕಾರ್ಖಾನೆಗಳಿಗೆ 1948ರ ಕಾಯಿದೆಯಲ್ಲೇ ನಿಂತು ಕೆಲಸ ಮಾಡುವವರಿಗೆ ನಡುವೆ ಕೂರಲು ವ್ಯವಸ್ಥೆ ಇರಬೇಕು ಅಂತ ಇತ್ತು. ಅಂಗಡಿಯ ಹೆಣ್ಣುಮಕ್ಕಳು ಅದಕ್ಕಾಗಿ ಹೋರಾಡಬೇಕಾಯಿತು. ಕೇರಳದಲ್ಲಿ ಕೋಝಿಕ್ಕೋಡಿನ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ಟು ಸಂಘಟನೆಯವರು ಕೂರುವ ಹಕ್ಕು ಕೇಳಿ ವರ್ಷಗಟ್ಟಲೆ ಓಡಾಡಿದ ಮೇಲೆ 2018ರಲ್ಲಿ ಅಲ್ಲಿನ ಅಂಗಡಿಗಳ ಕಾನೂನು ತಿದ್ದುಪಡಿಯಾಯಿತು. ತಮಿಳುನಾಡಿನಲ್ಲಿ 2021ರಲ್ಲಿ. ಕೂರುವುದನ್ನೂ ಕಾನೂನಿನಲ್ಲಿ ಬರೆಸಬೇಕಾಯಿತಲ್ಲ ಅಂತ ನನಗೆ ಓದಿದಾಗ ಬಹಳ ಬೇಜಾರಾಯಿತು. ಹಾಗೇ ಆ ಹೆಂಗಸರ ಮೇಲೆ ತುಂಬಾ ಗೌರವವೂ ಬಂತು.

ಈ ವರ್ಷ ಪಾಠ ಮಾಡುವಾಗ ನೀಲಿ ಗೆರೆ ಎಳೆದ ಮೇಲೆ, ಪುಸ್ತಕದಲ್ಲಿ ಇಲ್ಲದ ಒಂದು ಕಾಲನ್ನೂ ಪಕ್ಕದಲ್ಲಿ ಬಿಡಿಸಿದೆ. ಫುಟ್‌ವಾಲ್ವಿನ ಕಥೆ ಹೇಳಿದೆ. ನಮ್ಮ ಮನೆಯಲ್ಲಿ ನರ ಅನ್ನುವುದು ಎಷ್ಟು ಬೇರೆ ಬೇರೆ ವಸ್ತುಗಳಿಗೆ ಅಂತ ಮಕ್ಕಳಿಂದಲೇ ಪಟ್ಟಿ ಮಾಡಿಸಿದೆ. ಮೂರನೇ ಬೆಂಚಿನ ಹುಡುಗಿ ಗಂಟೆ ಹೊಡೆದ ಮೇಲೂ ಹೋಗದೆ ನಿಂತಿದ್ದಳು. ಅವಳ ಅಮ್ಮ ಪೇಟೆಯ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಎರಡು ದಿನ ಬಿಟ್ಟು ಅವರೇ ಗೇಟಿನ ಹತ್ತಿರ ಬಂದರು, ಅಂಗಡಿಯಿಂದ ಒಂದು ಗಂಟೆ ರಜೆ ಕೇಳಿಕೊಂಡು. ಮರದ ಕಟ್ಟೆಯ ಮೇಲೆ ಕೂರಿ ಅಂದೆ. ಕೂತು, ಸೀರೆ ಸ್ವಲ್ಪ ಎತ್ತಿ ತೋರಿಸಿದರು. ಬಣ್ಣ ಬದಲಾಗಿತ್ತು, ಹುಣ್ಣು ಇನ್ನೂ ಇರಲಿಲ್ಲ. ಸರ್ಜನ್ ಅಂದರೆ ಹೆದರಬೇಡಿ, ಮೊದಲು ಸ್ಕ್ಯಾನ್ ಅಷ್ಟೇ ಅಂತ ನಾನು ಹೇಳುತ್ತಿದ್ದೆ. ಅವರು ಅದನ್ನೆಲ್ಲ ಕೇಳಿಸಿಕೊಂಡು, ಸ್ವಲ್ಪ ತಡೆದು, "ದಿನಕ್ಕೆ ಎರಡು ಸಲ ಕೂರ್ಲಿಕ್ಕೆ ಬಿಡಿ ಅಂತ ಡಾಕ್ಟ್ರು ಒಂದು ಚೀಟಿ ಬರ್ದು ಕೊಡ್ತಾರಾ ಟೀಚರ್?" ಅಂದರು. ಕೇಳೋಣ ಅಂದೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೋಗುತ್ತಿದ್ದೇವೆ.